ಬಳೆಯ ತಾಳ

ಪಿಟೀಲಿನವನು ಮೂಗಿನಿಂದ ಉಸಿರೆಳೆದುಕೊಂಡ—ಅದೂ ಕೇಳಿಸಿತಲ್ಲ, ಇಪ್ಪತ್ತು ವರ್ಷದಿಂದ ಕೇಳುತ್ತಿರುವ ಕಛೇರಿ, ಈ ಮನುಷ್ಯ ಉಸಿರಾಡುತ್ತಾನೆಂದು ಇವತ್ತೇ ಗೊತ್ತಾಗಿದ್ದು, ಮುನಿರಾಜ್ ಕುರ್ಚಿಯಲ್ಲಿ ನೆಟ್ಟಗೆ ಕೂತು ಎಡಗಿವಿಯ ಇಯರ್‌ಫೋನನ್ನು ಇನ್ನಷ್ಟು ಒಳಗೆ ಒತ್ತಿದ, ನೆಲ್ಲಿಕಾಯಿಯಷ್ಟೂ ಇಲ್ಲ, ಇದರೊಳಗೆ ಇಡೀ ಸಭೆಯನ್ನು ಕೂರಿಸಿದ್ದಾರೆ ಚೀನಾದವರು, ಅದೂ ಯಾವ ಕಂಪನಿಯೋ, ಹೆಸರು ಹೇಳಹೋದರೆ ನಾಲಿಗೆ ತೊಡರುತ್ತದೆ, ಥೂ, ಸಂಗೀತದವರ ವಾಟ್ಸಾಪ್ ಗ್ರೂಪಿನಲ್ಲಿ ಎಂಥ ಮಾತು ಆಡಿಬಿಟ್ಟಿದ್ದ, ಚೀನಾ ಮಾಲು ಕಣ್ರಪ್ಪಾ, ಮೂರು ತಿಂಗಳು ಬಂದ್ರೆ ಪುಣ್ಯ, ನಾನಂತೂ ಕಿವಿಗೂ ಹಾಕಲ್ಲ, ಅಂತ ಮೂವತ್ತು ಜನರ ಮುಂದೆ, ಆ ಮೂವತ್ತು ಜನವೂ ಅವನನ್ನು ಕಿವಿ ಮುನಿರಾಜ್ ಅನ್ನುವವರು, ಗಾಂಧಿ ಬಜಾರಿನಲ್ಲಿ ತರಕಾರಿ ಮಾರುವವನಾದರೇನು, ಶ್ರುತಿ ಎಲ್ಲಿ ಕೂದಲೆಳೆಯಷ್ಟು ಜಾರಿತು ಅಂತ ಹೇಳಬಲ್ಲವನು, ಅದೇ ಗ್ರೂಪಿನ ಹುಡುಗ ವೇಣು ಮಾತ್ರ ಜಗಳಕ್ಕೆ ಬರದೆ ಡಬ್ಬಿಯನ್ನೇ ತಂದು ಕೈಗಿಟ್ಟ, ಒಂದು ವಾರ ಇಟ್ಕೊಳ್ಳಿ ಸಾರ್, ಆಮೇಲೆ ಬೈಯಿರಿ, ಇಯರ್‌ಫೋನ್ ಅನ್ಬೇಡಿ, ಮಾನಿಟರ್ ಅನ್ನಿ, ಹಾಡೋರು ಸ್ಟೇಜ್ ಮೇಲೆ ಹಾಕ್ಕೊಳ್ಳೋ ಅಂಥದು—ಒಂದು ವಾರ ಯಾಕೆ, ಒಂದೇ ಗಂಟೆ ಸಾಕಾಯಿತು, ಈಗ ಗ್ರೂಪಿನಲ್ಲಿ ಏನಂತ ಬರೆಯುವುದು, ಮುಖಕ್ಕೆ ಮಂಗಳಾರತಿ ಗ್ಯಾರಂಟಿ, ಇರಲಿ, ಅದನ್ನು ಹೇಗೋ ನುಂಗಿಕೊಳ್ಳಬಹುದು.

ನಡುಮನೆಯಲ್ಲಿ ಹೆಂಡತಿ ಗಂಗರತ್ನಮ್ಮ ನೆನೆಸಿದ ಅವರೆಕಾಳನ್ನು ಹಿತುಕುತ್ತ ಕೂತಿದ್ದಾಳೆ, ಬಾಯಿ ಆಡುತ್ತಿದೆ, ಏನೋ ಹೇಳುತ್ತಿದ್ದಾಳೆ, ಒಂದಕ್ಷರವೂ ಒಳಗೆ ಬರುವುದಿಲ್ಲ, ಕಿವಿಗೆ ಬಿರಡೆ ಹಾಕಿದ ಹಾಗಿದೆ, ಅವನು ಸುಮ್ಮನೆ ತಲೆಯಾಡಿಸಿದ, ಅವರೆಕಾಯಿ ಬಂತೆಂದರೆ ಧನುರ್ಮಾಸ, ಧನುರ್ಮಾಸ ಎಂದರೆ ಬೀದಿ ಕೊನೆಯ ಗುಡಿಯಲ್ಲಿ ಬೆಳಗಿನ ಭಜನೆ, ಈಗ ಯಾರು ಹಾಡುತ್ತಾರೋ, ಹಿಂದೆ ಇವಳೇ ಹಾಡುತ್ತಿದ್ದಳು, ಹನ್ನೊಂದು ವರ್ಷವಾಯಿತು ಬಿಟ್ಟು, ಗಂಟಲು ಹಿಡಿಯುತ್ತೆ ರೀ ಅಂದಳು ಅಷ್ಟೇ, ಅವನು ನೆಂಟರ ಮುಂದೆಲ್ಲ ಹೇಳಿದ್ದು ಬೇರೆ, ಇವಳಿಗೆ ಅಭ್ಯಾಸ ಅಂದ್ರೆ ಆಗಲ್ಲ, ಸೋಮಾರಿ, ಎಲ್ಲರೂ ನಗುವರು, ಅವಳೂ ಕಾಫಿ ಕೊಡುತ್ತ ನಗುವಳು—ಅವಳ ಹಾಡೊಂದನ್ನು ರೆಕಾರ್ಡ್ ಮಾಡಿದ್ದ ನೆನಪು, ಹಳೆಯ ಫೋನಿನಿಂದ ಈ ಫೋನಿಗೆ ಬಂದಿರಬೇಕು, ಇದೆ, ಧನುರ್ಮಾಸ ರತ್ನ, ಆರು ನಿಮಿಷ, ಮೊದಲ ಅರ್ಧ ನಿಮಿಷ ಬಿಟ್ಟರೆ ಇವತ್ತಿನವರೆಗೂ ಪೂರ್ತಿ ಕೇಳಿಯೇ ಇಲ್ಲ, ನೋಡೋಣ, ಚೀನಾದವರು ಇದರಲ್ಲೇನು ತೋರಿಸುತ್ತಾರೋ, ಬೆರಳು ಒತ್ತಿತು.

ಮೊದಲು ಹಾರ್ಮೋನಿಯಂ, ಆಮೇಲೆ ಯಾರದೋ ಕೆಮ್ಮು, ಆಮೇಲೆ ಅವಳು—ದೇವರೇ, ಇದು ರತ್ನಳ ದನಿಯೇ, ಹಾರ್ಮೋನಿಯಮ್ಮಿನ ಮೇಲೆ ಹಾಲಿನಲ್ಲಿ ಹಾಲು ಹೊಯ್ದ ಹಾಗೆ ಕೂತಿದೆ, ಜಾರಿಲ್ಲ, ಕೂದಲೆಳೆಯಷ್ಟೂ ಜಾರಿಲ್ಲ, ಅದರ ಕೆಳಗೆ ಸಣ್ಣಗೆ ಇನ್ನೊಂದು ಸದ್ದು, ಘಲ್, ಘಲ್, ಏನದು, ಬಳೆ, ತೊಡೆಯ ಮೇಲೆ ತಾಳ ಹಾಕುತ್ತಿದ್ದಾಳೆ, ಗಾಜಿನ ಬಳೆ, ಒಂದು ಪೆಟ್ಟೂ ತಪ್ಪುತ್ತಿಲ್ಲ, ಎರಡನೆಯ ಚರಣ, ಘಲ್, ಘಲ್, ಆಗ ಕಿವಿಯ ಪಕ್ಕದಲ್ಲೇ ಒಬ್ಬ ಗಂಡಸು ಪಿಸುಗುಟ್ಟಿದ, ಇವ್ಳು ಮುಗಿಸೋ ಹೊತ್ಗೆ ಹುಗ್ಗಿ ತಣ್ಣಗಾಗುತ್ತೆ ಕಣೋ, ಶ್ರುತಿಗೂ ಇವ್ಳಿಗೂ ಸಂಬಂಧಾನೇ ಇಲ್ಲ—ಯಾರಿವನು ಹೊಲಸು ಬಾಯಿಯವನು ಅಂದುಕೊಳ್ಳುವಷ್ಟರಲ್ಲಿ ಗೆಳೆಯ ಅನಿಲ್ ಕುಮಾರ್ ಮೂಗಿನಲ್ಲಿ ನಕ್ಕದ್ದು ಕೇಳಿಸಿತು, ಆವತ್ತು ಪಕ್ಕದಲ್ಲಿ ಕೂತಿದ್ದವನು ಅನಿಲ್, ಫೋನ್ ಹಿಡಿದು ಕೂತಿದ್ದವನು ತಾನು, ಆ ಬಾಯಿ ತನ್ನದೇ, ಮತ್ತು ಬಳೆ ನಿಂತಿತು.

ಹಿಂದಕ್ಕೆ ಎಳೆದ, ಘಲ್, ಘಲ್, ಹುಗ್ಗಿ ತಣ್ಣಗಾಗುತ್ತೆ ಕಣೋ, ನಗು, ಬಳೆ ನಿಂತಿತು, ಕಾಕತಾಳೀಯ ಇರಬಹುದು, ಕೈ ನೋವಾಗಿರಬಹುದು, ಮತ್ತೆ ಎಳೆದ, ಅಲ್ಲ, ಉಸಿರು ಅರ್ಧಕ್ಕೆ ಸಿಕ್ಕಿಕೊಂಡದ್ದೂ ಕೇಳುತ್ತಿದೆ, ಅವಳು ಎರಡೇ ಮೊಳ ಮುಂದೆ ಕೂತಿದ್ದಳು, ಮೂರನೆಯ ಚರಣ ಹಾಡಲೇ ಇಲ್ಲ, ದಾಸರ ಅಂಕಿತ ಇರುವ ಚರಣ, ಅದನ್ನು ಬಿಟ್ಟರೆ ದೇವರಿಗೆ ಹಾಡು ಸಲ್ಲುವುದಿಲ್ಲ ಅನ್ನುವವಳು ಅದನ್ನೇ ಬಿಟ್ಟು ಪಲ್ಲವಿಗೆ ಬಂದು ಮುಗಿಸಿಬಿಟ್ಟಳು, ಹುಗ್ಗಿ ತಣ್ಣಗಾಗದಿರಲಿ ಅಂತ, ಅವನು ಎರಡು ದೊನ್ನೆ ತಿಂದ, ಬಿಸಿಯಾಗಿತ್ತು, ತುಪ್ಪ ಹೆಚ್ಚಿತ್ತು, ಮನೆಗೆ ಬಂದ ಮೇಲೆ ಅವಳು ಕೇಳಿದ್ದಳು, ರೀ, ರೆಕಾರ್ಡ್ ಆಯ್ತಾ, ಚೆನ್ನಾಗಿ ಬಂದಿದೆ ಕಣೇ ಅಂದ, ಕೇಳದೆಯೇ ಅಂದ, ಅವಳು ಒಂದು ಗಳಿಗೆ ಮುಖ ನೋಡಿ ಒಳಗೆ ಹೋದಳು, ಎಲ್ಲಿ ಹಾಕಿ ಕೇಳೋಣ ಅಂತ ಒಂದು ಸಲವೂ ಅನ್ನಲಿಲ್ಲ, ಅದರಲ್ಲಿ ಏನಿದೆ ಅಂತ ಅವಳಿಗೆ ಗೊತ್ತಿತ್ತು, ಗೊತ್ತಿದ್ದೂ ಹನ್ನೊಂದು ವರ್ಷ ಗಂಟಲಿನ ಮೇಲೆ ಹಾಕಿದಳು, ಸೋಮಾರಿ ಅನ್ನಿಸಿಕೊಂಡಳು, ಕಾಫಿ ಕೊಟ್ಟಳು, ನಕ್ಕಳು, ನಾಚಿಕೆಯಾಗಬೇಕು, ಆಗುತ್ತಿದೆ, ಮೈಯೆಲ್ಲ ಬಿಸಿಯಾಗಿ ಕಿವಿಯೊಳಗಿನ ಆ ರಬ್ಬರು ಕೂಡ ಒದ್ದೆಯಾಗಿದೆ, ಕಿವಿ ಮುನಿರಾಜನಂತೆ, ಯಾರ ಕಿವಿ, ಎಂಥ ಕಿವಿ.

ಎರಡನ್ನೂ ಕಿತ್ತು ತೊಡೆಯ ಮೇಲೆ ಹಾಕಿದ, ಬೀದಿಯ ಆಟೋ, ಕುಕ್ಕರಿನ ಕೂಗು ಎಲ್ಲ ಒಟ್ಟಿಗೇ ನುಗ್ಗಿದವು, ಅವುಗಳ ನಡುವೆ ಅವರೆಕಾಳು ಹಿತುಕುವ ಕೈಯ ಬಳೆ, ಘಲ್, ಘಲ್, ಒಂದೇ ಅಳತೆಯಲ್ಲಿ, ದಿನವೂ ಹೀಗೇ ಇತ್ತೇನೋ, ರೀ, ಆಗ್ಲಿಂದ ಕೂಗ್ತಿದೀನಿ, ಕಿವಿ ಕೇಳಿಸಲ್ವಾ, ಅಷ್ಟೊಂದು ಏನ್ ಕೇಳ್ತಿದೀರಿ, ಅಂದಳು ತಲೆಯೆತ್ತದೆ, ಕಛೇರಿ ಅಂದುಬಿಡಬಹುದು, ಪಿಟೀಲು ಅಂದುಬಿಡಬಹುದು, ನಾಲಿಗೆ ತುದಿಗೇ ಬಂದಿತ್ತು, ನಿನ್ ಹಾಡು, ರತ್ನ, ಅಂದ, ಆವತ್ತಿಂದು, ಧನುರ್ಮಾಸದ್ದು, ಪೂರ್ತಿ ಕೇಳ್ದೆ—

ಬಳೆ ನಿಂತಿತು.