ದಾಕಿನವರು ಬಂದ ದಿನ

ಶಾಂತಮಲ್ಲಪ್ಪ ಮೇಷ್ಟ್ರು ಸ್ಕೂಲಿನ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿದಾಗಲೇ ಮಕ್ಕಳಿಗೆ ಗೊತ್ತಾಗಿಹೋಯಿತು. ಹಿಂದಿನ ಕೋಣೆಯಿಂದ ಸಿಡುಬಿನ ದಾಕು ಹಾಕುವವರು ಸೂಜಿಯ ಪೆಟ್ಟಿಗೆ ಹಿಡಿದು ಬಂದರು. ಚಿಕ್ಕವರು ಕಿಟಕಿಯ ಸರಳಿಗೆ ಜೋತುಬಿದ್ದು ಕಿರುಚಿದರು. ದೊಡ್ಡವರು ಕಿರುಚಲಿಲ್ಲ. ತಿರುಗಿ ಪುಟ್ಟಮಾದಮ್ಮನ ಮುಖ ನೋಡಿದರು.

ಎಂಟನೇ ಕ್ಲಾಸಿನಲ್ಲಿ ಉಳಿದಿದ್ದ ಹೆಣ್ಣು ಅವಳೊಬ್ಬಳೇ. ಹಿಂದಿನ ದಿನವೇ ದಾಕಿನ ಸುದ್ದಿ ಹಬ್ಬಿ, ಮಾರನೆಯ ದಿನ ಜೋಳದ ಹೊಲದಲ್ಲಿ ಅಡಗಿ ಕೂರುವುದೆಂದು ಮಕ್ಕಳೆಲ್ಲ ಮಾತಾಡಿಕೊಂಡಿದ್ದರು. ಅವಳು ಮಾತ್ರ ಮೇಷ್ಟ್ರ ಮನೆಗೇ ಹೋಗಿ ಕೇಳಿದ್ದಳು.

“ದಿಟ ಏಳಿ ಸಾ. ನಾಳ ದಾಕ್ನೋರು ಬತ್ತರಾ?”

“ಇಲ್ಲ ಕಣಮ್ಮಿ. ಎಲ್ಲಾರ್ನೂ ಕರ್ಕೊಂಡು ಬಾ.”

ಅವಳು ಬೆಳಿಗ್ಗೆ ಮನೆಮನೆಗೂ ಹೋಗಿ ಕರೆತಂದಿದ್ದಳು.

ಮೇಷ್ಟ್ರು ಕೆಟ್ಟವರಲ್ಲ. ಪಕ್ಕದ ಊರಿನಲ್ಲಿ ಸಿಡುಬು ಬಂದು ಮಕ್ಕಳು ಸತ್ತಿದ್ದರು. ಆದರೆ ಸುಳ್ಳು ಸುಳ್ಳೇ. ಪುಟ್ಟಮಾದಮ್ಮ ಎದ್ದು ಬಂದು, ಎಲ್ಲರಿಗಿಂತ ಮೊದಲು ತೋಳು ಕೊಟ್ಟಳು. ಮಾರನೆಯ ದಿನದಿಂದ ಸ್ಕೂಲಿಗೆ ಬರಲಿಲ್ಲ.

ಎಂಟನೇ ಕ್ಲಾಸಿನ ಲೋಯರ್ ಸೆಕೆಂಡರಿ ಪರೀಕ್ಷೆ ಹತ್ತಿರವಿತ್ತು. ಬರೆಯಲು ಗುಂಡ್ಲುಪೇಟೆಗೆ ಹೋಗಬೇಕು. ಅಲ್ಲಿ ತಮ್ಮ ಅಕ್ಕನ ಮನೆಯಲ್ಲಿ ಉಳಿಸಿಕೊಳ್ಳುತ್ತೇನೆಂದು ಮೇಷ್ಟ್ರು ಹೇಳಿದ್ದಕ್ಕೇ ಅವಳ ತಾಯಿ ಚಿಕ್ಕಬಸಮ್ಮ ಒಪ್ಪಿದ್ದಳು. ಈಗ ಮೇಷ್ಟ್ರು ಮನೆಗೆ ಬಂದು ಕೇಳಿದರೆ, ತಾನು ಬೇಡವೆಂದಿಲ್ಲ, ಅವಳನ್ನೇ ಕೇಳಿ ಎಂದು ಒಳಗೆ ಹೋದಳು.

ಹುಡುಗಿ ಜಗಲಿಯಲ್ಲಿ ರಾಗಿ ಕೇರುತ್ತಿದ್ದಳು. ದಾಕಿನ ಗಾಯ ಊದಿತ್ತು. ಮೇಷ್ಟ್ರಿಗೆ ಸಿಟ್ಟು ಬಂತು. “ನಿಮ್ಮ ಒಳ್ಳೇದಕ್ಕೆ ತಾನೆ ಮಾಡಿದ್ದು?”

“ಅದ್ನೇ ಏಳಿದ್ರೆ ನಾನೂ ಅಂಗೇ ಏಳಿ ಕರ್ಕ ಬತ್ತಿದ್ದಿ ಸಾ. ಈಗ ನಾ ಬಾ ಅಂದ್ರೆ ನನ್ ತಮ್ಮನೂ ಬರದಿಲ್ಲ.”

ಮೊರ ನಿಲ್ಲಿಸಿ, ಅವರ ಮುಖ ನೋಡಿ ಕೇಳಿದಳು: “ಗುಂಡ್ಲುಪೇಟೆಲಿ ನಿಮ್ಮಕ್ಕನ ಮನೆ ಇರದು ದಿಟವಾ?”

ಅಕ್ಕನ ಮನೆ ಇತ್ತು. ಆದರೆ ಅಂದು ಇಲ್ಲ ಎಂದ ಬಾಯಿಂದಲೇ ಮೇಷ್ಟ್ರು ಈಗ ಇದೆ ಎನ್ನಬೇಕಿತ್ತು.

ಪರೀಕ್ಷೆಯ ಹಿಂದಿನ ದಿನ ಅವರು ಇಬ್ಬರು ಹುಡುಗರ ಜೊತೆ ಬೇಗೂರಿನಲ್ಲಿ ಬಸ್ಸಿಗೆ ಕಾದರು. ಪುಟ್ಟಮಾದಮ್ಮ ಬಂದಾಳೆಂದು ಊರಿನ ದಾರಿ ನೋಡುತ್ತ, ಬಂದ ಮೊದಲ ಬಸ್ಸನ್ನು ಬಿಟ್ಟರು. ಎರಡನೆಯದನ್ನು ಹತ್ತಿದಾಗ ಹುಡುಗರು ಹಿಂದಿನ ಸೀಟಿಗೆ ಹೋಗಿ ಕೂತರು. ಮೇಷ್ಟ್ರು ತಮ್ಮ ಪಕ್ಕದ ಜಾಗಕ್ಕೆ ಟವೆಲು ಹಾಸಿದರು.

ಮುಂದಿನ ಊರಿನಲ್ಲಿ ಹತ್ತಿದ ಮುದುಕಿಯೊಬ್ಬಳು, ಇಲ್ಲಿ ಯಾರಾದರೂ ಇದ್ದಾರಾ ಎಂದು ಕೇಳಿದಳು.

“ಇದ್ದಾರೆ,” ಎಂದರು ಮೇಷ್ಟ್ರು.

ಮುದುಕಿ ಕಂಬಿ ಹಿಡಿದು ನಿಂತಳು.