ಬೀಗರ ಕಂಬ

ಆ ಕಟ್ಟಡ ಮಡಿಸಿದ ಮೊಣಕೈ ಹಾಗಿತ್ತು. ಎರಡು ತೋಳು, ನಡುವೆ ಒಂದು ಮೂಲೆ. ಆ ಮೂಲೆಯ ಕೋಣೆಯಲ್ಲಿ ತಂತಿಯಣ್ಣ, ಹೆಂಡತಿ, ಮಗಳು, ಒಂದು ಸೋರುವ ನಲ್ಲಿ, ಇಷ್ಟು ಜನರ ವಾಸ. ಕಟ್ಟಡದ ಕೆಲಸದಲ್ಲಿ ಕಬ್ಬಿಣದ ಕಂಬಿಗೆ ತಂತಿ ಬಿಗಿದು ಬಿಗಿದು ಅವನ ಬೆರಳು ಬಿರಿದಿದ್ದವು. ಊಟಕ್ಕೆ ಕೈಯಿಟ್ಟರೆ ಉರಿ.

ಹೋದ ವರ್ಷ ಭೂಮಿ ಸಣ್ಣಗೆ ನಡುಗಿದಾಗ ಮೂಲೆಯ ಕಂಬ ಬಿರುಕು ಬಿಟ್ಟಿತ್ತು. ಕಟ್ಟಡ ಗಟ್ಟಿಮಾಡಿಸಲು ಸರ್ಕಾರ ಅದರ ಮಾಲೀಕರಾದ ಸಾಹುಕಾರರಿಗೆ ದುಡ್ಡು ಕೊಟ್ಟಿತು. ಇಂಜಿನಿಯರ್ ಸಾಹೇಬರು ಬಂದು ಚೆನ್ನಾಗಿಯೇ ವಿವರಿಸಿದರು: ನಡುಗಿದಾಗ ಈ ತೋಳು ಒಂದು ಕಡೆ, ಆ ತೋಳು ಇನ್ನೊಂದು ಕಡೆ ಎಳೆಯುತ್ತದೆ, ಪೆಟ್ಟೆಲ್ಲ ಮೂಲೆಗೆ, ಅಲ್ಲಿಗೇ ಹೆಚ್ಚು ಕಂಬಿ ಬೇಕು. ಅಷ್ಟು ಹೇಳಿ ಕಾರು ಹತ್ತಿದರು. ಆಮೇಲೆ ಪರೀಕ್ಷೆಗೆ ಬಂದಾಗಲೆಲ್ಲ ಗೇಟಿನ ಕಂಬವನ್ನಷ್ಟೇ ಅಳೆದು ವಾಪಸಾದರು. ಒಳಗೆ ಧೂಳಿತ್ತು.

ಸಾಹುಕಾರರೇನು ದಡ್ಡರೇ? ಬಂದ ಕಂಬಿಯೆಲ್ಲ ಗೇಟಿನ ಕಂಬಕ್ಕೇ ಸುತ್ತಿಸಿದರು. ಉಳಿದ ಕಂಬಗಳಿಗೆ ಕೋಳಿಗೂಡಿನ ಬಲೆ, ಮೇಲೆ ದಪ್ಪಗೆ ಗಾರೆ. ಬಂದವರ ಕಣ್ಣಿಗೆ ಬೀಳುವ ಆ ಒಂದಕ್ಕೆ ಕೂಲಿಯವರು ಬೀಗರ ಕಂಬ ಅಂತ ಹೆಸರಿಟ್ಟರು.

ಮೂಲೆಗೆ ಕಂಬಿ ಯಾವಾಗ ಎಂದು ತಂತಿಯಣ್ಣ ಮೂರು ಸಲ ಕೇಳಿದ. ಮೂರನೇ ಸಲ ಮೇಸ್ತ್ರಿ, "ನಿಂಗೆ ಕೆಲ್ಸ ಬೇಕೋ, ಕಂಬಿ ಬೇಕೋ?" ಅಂದ. ಕೂಲಿಯೂ ಸಾಹುಕಾರರದೇ, ಕೋಣೆಯೂ ಅವರದೇ. ತಂತಿಯಣ್ಣ ಬಾಯಿ ಮುಚ್ಚಿಕೊಂಡು ತನ್ನ ಮನೆಯ ಕಂಬಕ್ಕೆ ತಾನೇ ಬಲೆ ಸುತ್ತಿದ. ತನ್ನ ಕೈಯ ಮೇಲೆ ಅವನಿಗೇ ಹೇಸಿಗೆಯಾಯಿತು.

"ಈಗ ಗಟ್ಟಿಯಾಯ್ತಾ ಅಪ್ಪ?" ಎಂದು ಮಗಳು ಕೇಳಿದಳು. ಅವನು ಅವಳ ಹಾಸಿಗೆಯನ್ನು ಕಂಬದ ಬುಡದಿಂದ ಬಾಗಿಲ ಕಡೆಗೆ ಎಳೆದ. ಹೆಂಡತಿ ನೋಡಿದಳು. ಯಾಕೆ ಎಂದು ಕೇಳುವ ಅಗತ್ಯ ಅವಳಿಗೆ ಬೀಳಲಿಲ್ಲ.

ಕಟ್ಟಡ ಭದ್ರವಾಗಿದೆ ಎಂಬ ಸಾಹೇಬರ ಸರ್ಟಿಫಿಕೇಟು ಗಾಜು ಹಾಕಿಸಿಕೊಂಡು ಬಂತು. ಬಾಡಿಗೆಯೂ ಏರಿತು; ಇಷ್ಟು ಭದ್ರತೆ ಪುಕ್ಕಟೆ ಸಿಗುತ್ತದೆಯೇ? ಸಮಾರಂಭಕ್ಕೆ ಬಾಡಿಗೆಯವರನ್ನೆಲ್ಲ ಅಂಗಳಕ್ಕೆ ಕರೆದು, ಸಾಹುಕಾರರು ಆ ಸರ್ಟಿಫಿಕೇಟನ್ನು ಗೇಟಿನ ಕಂಬಕ್ಕೆ ತೂಗುಹಾಕಲು ತಂತಿಯಣ್ಣನ ಕೈಗೆ ಮೊಳೆ, ಸುತ್ತಿಗೆ ಕೊಟ್ಟರು.

ಮೊದಲ ಮೊಳೆ ಬಾಗಿತು. ಎರಡನೆಯದೂ ಬಾಗಿತು. ಸಮಾರಂಭಕ್ಕೆ ಬಂದಿದ್ದ ಇಂಜಿನಿಯರ್ ಸಾಹೇಬರು ಕಂಬದ ಗಟ್ಟಿತನ ಮೆಚ್ಚಿ ತಲೆದೂಗಿದರು. ತಂತಿಯಣ್ಣ ಮೂರನೆಯದನ್ನು ಹಿಡಿದು ಮೂಲೆಯ ಕಡೆ ನಡೆದ.

"ಎಲ್ಲಿಗೋ?" ಅಂದ ಮೇಸ್ತ್ರಿ.

"ಇಲ್ಲಿ ಇಳಿಯಲ್ಲ ಮೇಸ್ತ್ರಿ. ಅಲ್ಲಿ ಸಲೀಸಾಗಿ ಇಳಿಯುತ್ತೆ. ನಾನೇ ಮಾಡಿದ್ದಲ್ವಾ, ನಂಗೊತ್ತು."

ಒಂದೇ ಪೆಟ್ಟು. ಮೊಳದಗಲ ಗಾರೆ ಕಳಚಿ ಬಿತ್ತು. ಒಳಗೆ ಕೋಳಿ ಬಲೆ. ಅದರ ಹಿಂದೆ ಹೋದ ವರ್ಷದ್ದೇ ಬಿರುಕು.

ಸಾಹುಕಾರರು, ಈಗಲೇ ಕೋಣೆ ಖಾಲಿ ಮಾಡು ಎಂದರು.

"ಮಾಡ್ತೀನಿ. ಮುಂದೆ ಇಲ್ಲಿ ಯಾರ ಮಕ್ಕಳನ್ನ ಮಲಗಿಸ್ತೀರಿ, ಅದನ್ನ ಎಲ್ಲರ ಮುಂದೆ ಹೇಳಿ."

ಅವನ ಹೆಂಡತಿ ಸುತ್ತಿಗೆ ಇಸಿದುಕೊಂಡು ಪಕ್ಕದ ಕಂಬಕ್ಕೆ ಹೊಡೆದಳು. ಅದೂ ಉದುರಿತು. ಅಂಗಳದ ಜನ ಕೈಗೆ ಸಿಕ್ಕಿದ್ದು ಹಿಡಿದು ತಮ್ಮ ತಮ್ಮ ಕಂಬದ ಕಡೆ ನಡೆದರು.

ಸಾಹೇಬರು ಮೆಲ್ಲಗೆ ಕಾರಿನತ್ತ ಸರಿದರು. ಅಷ್ಟರಲ್ಲಿ ಮಹಡಿಯ ದರ್ಜಿ ಅಜ್ಜಿ ಗೇಟು ಮುಚ್ಚಿ, ಅದಕ್ಕೆ ಅಡ್ಡಲಾಗಿ ಸ್ಟೂಲು ಹಾಕಿಕೊಂಡು ಕೂತಿದ್ದಳು.

"ಗೇಟಿನ ಕಂಬ ಒಂದು ನೋಡಿದ್ರಲ್ಲ ಸಾಹೇಬ್ರೆ," ಅಂದಳು. "ಇನ್ನೂ ಇಪ್ಪತ್ತಮೂರು ಕಂಬ ಇದಾವೆ. ನೋಡ್ಕೊಂಡೇ ಹೋಗಿ."