ವಿಭೂತಿ ಹಚ್ಚಿದ ದುರ್ಬೀನು

ಶಿಕಾರಿಪುರದ ಮಂಡಿಯಲ್ಲಿ ಮೆಕ್ಕೆಜೋಳ ಕೊಳ್ಳುವವರು ಮೊದಲು ಕಾಳನ್ನು ಅಂಗೈಯಲ್ಲಿ ತೂಗಿ ನೋಡುತ್ತಾರೆ, ಆಮೇಲೆ ಬಾಯಿ ಬಿಡುತ್ತಾರೆ. ತಮ್ಮನ ಹೆಂಡತಿ ಸೌಂದರ್ಯಳ ರೈಫಲ್ಲಿಗೆ ದುರ್ಬೀನು ಕೊಳ್ಳಲು ಶಿವಮೊಗ್ಗದ ಅಂಗಡಿಗೆ ಹೋದಾಗಲೂ ಮಂಡಿ ವ್ಯಾಪಾರಿ ಕೊಟ್ರೇಶ್ ಅದನ್ನೇ ಮಾಡಿದ. ಒಂದೊಂದನ್ನೂ ಅಂಗೈ ಮೇಲಿಟ್ಟು ತೂಗಿ, ಎಲ್ಲಕ್ಕಿಂತ ಭಾರದ್ದನ್ನು, ಬೋರ್‌ವೆಲ್ಲಿನ ಪೈಪಿನಂಥದ್ದನ್ನು ಎತ್ತಿ, ಇದೇ ಸೈ ಅಂದ. ಇವನನ್ನು ಕೇಳಿದವರು ಯಾರು? ಕಾರು ಅವನದು, ಹಾಗಾಗಿ ಸಲಹೆಯೂ ಅವನದೇ.

ಸೌಂದರ್ಯ ಸೊರಬದ ಹುಡುಗಿ. ಯಾರ ಅಂಗೈಗೂ ಜಗ್ಗುವವಳಲ್ಲ. ರೈಫಲ್ಲಿನ ಲೈಸೆನ್ಸು ಅವಳ ಹೆಸರಿನದು, ಅದಕ್ಕಾಗಿ ಕಚೇರಿ ಕಚೇರಿ ಅಲೆದವಳೂ ಅವಳೇ. ದುರ್ಬೀನನ್ನು ಬಂದೂಕಿನ ಮರದ ಹಿಡಿಯೊಂದಕ್ಕೆ ಕೂರಿಸಿಕೊಡಿ ಎಂದು ಅಂಗಡಿಯವನಿಗೆ ಹೇಳಿ, ವೇಲನ್ನು ಸೊಂಟಕ್ಕೆ ಬಿಗಿದು, ಅಂಗಡಿಯ ನೆಲದ ಮೇಲೇ ಬೋರಲು ಮಲಗಿಬಿಟ್ಟಳು. ಗಿರಾಕಿಗಳು ಬಾಯಿ ಬಿಟ್ಟುಕೊಂಡು ನಿಂತರು. ನಿಲ್ಲಲಿ ಬಿಡಿ. ಮಲಗಿ ಹೊಡೆಯುವ ದುರ್ಬೀನನ್ನು ನಿಂತು ನೋಡಿ ಕೊಳ್ಳುವುದು ಯಾವ ಸೀಮೆಯ ಜಾಣತನ?

ಭಾವ ಮೆಚ್ಚಿದ ಪೈಪಿನಲ್ಲಿ ಎದುರು ಬೀದಿಯ ಬೋರ್ಡು ಆನೆಯಷ್ಟು ದೊಡ್ಡದಾಗಿ ಕಂಡಿತು, ನಿಜ. ಆದರೆ ಅವಳು ಉಸಿರೆಳೆದರೆ ಅಕ್ಷರಗಳೆಲ್ಲ ಕುಣಿಯುತ್ತಿದ್ದವು. ಕಣ್ಣು ಒಂದಿಷ್ಟು ಸರಿದರೆ ಎಲ್ಲ ಕಪ್ಪು. ಮೂಲೆಯಲ್ಲಿದ್ದ ಸಣ್ಣದರಲ್ಲಿ ಬೋರ್ಡು ಅಷ್ಟು ದೊಡ್ಡದಾಗಲಿಲ್ಲ, ಆದರೆ ನಿಂತಲ್ಲಿ ನಿಂತಿತ್ತು. ಗುರಿ ಹೊಂದಿಸುವ ಅದರ ತಿರುಗಣೆ ಟಕ್ ಟಕ್ ಎಂದು ಬೆರಳಿಗೆ ಲೆಕ್ಕ ಒಪ್ಪಿಸುತ್ತಿತ್ತು. ಕಲಿಯುವವಳಿಗೆ ಇದೇ ಬೇಕಾದದ್ದು ಎಂದು ಅದನ್ನೇ ಕೊಂಡಳು. ಕೊಟ್ರೇಶ್ ಹಟಕ್ಕೆ ಪೈಪನ್ನೂ ಕೊಂಡು ಕಾರಿನ ಡಿಕ್ಕಿಯಲ್ಲಿಟ್ಟ. ಸೋತು ಬಂದು ತಾನಾಗಿಯೇ ಕೇಳುತ್ತಾಳೆ ಎಂದು ಮನೆಯವರಿಗೆಲ್ಲ ಹೇಳಿಕೊಂಡು ತಿರುಗಿದ.

ಸೊರಬದ ರಸ್ತೆಯ ಹಳೇ ಕಲ್ಲುಕ್ವಾರಿಯಲ್ಲಿ ರೈಫಲ್ ಕ್ಲಬ್ಬು. ಅಲ್ಲಿ ಇನ್ನೂರು ಮೀಟರಿನ ಅಂಕಣಕ್ಕೆ ಹೋಗಬೇಕಾದರೆ ನೂರು ಮೀಟರಿನಲ್ಲಿ ಐದು ಗುಂಡನ್ನೂ ಸಾಸರಿನಷ್ಟು ವೃತ್ತದೊಳಗೆ ಕೂರಿಸಬೇಕು. ಆ ಅಂಕಣದಲ್ಲಿ ಇದುವರೆಗೆ ಒಬ್ಬ ಹೆಂಗಸೂ ಮಲಗಿರಲಿಲ್ಲ. ಹೆಣ್ಣುಮಕ್ಕಳಿಗೆ ಹತ್ತಿರದ್ದೇ ಚೆಂದ ಎಂದು ಕಾರ್ಯದರ್ಶಿ ಉಜ್ಜಪ್ಪ ನಯವಾಗಿ ಹೇಳುತ್ತ ಬಂದಿದ್ದರು. ಆ ನಯ ಕೇಳಿದಾಗಲೆಲ್ಲ ಸೌಂದರ್ಯಳಿಗೆ ಮೈ ಉರಿಯುತ್ತಿತ್ತು. ಪರೀಕ್ಷೆ ವಿಜಯದಶಮಿಯ ದಿನ ಬಿತ್ತು. ಈ ಸಲ ತಪ್ಪಿದರೆ ಮತ್ತೆ ಮುಂದಿನ ದಸರಾಕ್ಕೇ.

ಹಿಂದಿನ ದಿನ ಆಯುಧಪೂಜೆ. ಅತ್ತೆ ಮಹಾದೇವಮ್ಮ ತಕ್ಕಡಿ, ಕಾರು, ಕುಡುಗೋಲಿನ ಜೊತೆ ಸೊಸೆಯ ರೈಫಲ್ಲಿಗೂ ಹೂವೇರಿಸಿದರು.

ಮರುದಿನ ಕ್ವಾರಿಯಲ್ಲಿ ಚಾಪೆಯ ಮೇಲೆ ಮಲಗಿ ದುರ್ಬೀನಿನ ಮುಚ್ಚಳ ತೆಗೆದು ನೋಡುತ್ತಾಳೆ! ಮುಂದಿನ ಗಾಜಿನ ಮೇಲೆ ವಿಭೂತಿಯ ಮೂರು ಗೆರೆ, ನಡುವೆ ಕುಂಕುಮ. ಸೊಸೆ ಹೊಡೆಯುವುದನ್ನು ನೋಡಲು ಬಂದಿದ್ದ ಮಹಾದೇವಮ್ಮನ ಮುಖ ಬಿಳಿಚಿತು. ಕೋವಿಗೆ ಅದೇ ಮುಖ ಅಂದುಕೊಂಡು, ಸೆರಗಿನಲ್ಲಿ ಗಸಗಸ ಒರೆಸಿ, ಭಕ್ತಿಯಿಂದ ಹಚ್ಚಿ, ಮುಚ್ಚಳ ಮುಚ್ಚಿಟ್ಟಿದ್ದರಂತೆ. ಸೌಂದರ್ಯಳಿಗೆ ಅಳುವೂ ಸಿಟ್ಟೂ ಒಟ್ಟಿಗೇ ಬಂದವು. ಯಾರ ಮೇಲೆ ಸಿಟ್ಟಾಗುವುದು? ಮೆತ್ತಗಿನ ಬಟ್ಟೆಯಲ್ಲಿ ಒರೆಸಿದಳು. ಬೂದಿ ಹೋಯಿತು, ಗೀರುಗಳು ಉಳಿದವು.

ಕೊಟ್ರೇಶ್ ಆಗಲೇ ಡಿಕ್ಕಿ ತೆಗೆದು ಪೈಪು ಹಿಡಿದು ಬಂದಿದ್ದ. ಇದನ್ನು ಹಾಕಿಕೊಂಡು ಹೊಡೆಯಲಿ, ಎರಡು ಸ್ಕ್ರೂ ಕೆಲಸ ಎಂದು ಉಜ್ಜಪ್ಪನವರೂ ದನಿಗೂಡಿಸಿದರು. ಕನ್ನಡಕ ಬದಲಿಸಿದಷ್ಟು ಸಲೀಸು ಅಂದುಕೊಂಡಿದ್ದರು ಇಬ್ಬರೂ. ಈ ರೈಫಲ್ಲಿಗೆ ಈ ದುರ್ಬೀನನ್ನು ಹೊಂದಿಸಲು ಅವಳು ಎಷ್ಟು ಭಾನುವಾರ ಈ ಚಾಪೆಯ ಮೇಲೆ ಮೊಣಕೈ ತರಚಿಕೊಂಡಿದ್ದಳು! ಹೊಸದನ್ನು ಕೂರಿಸಿದರೆ ಮೊದಲ ಗುಂಡು ಎಲ್ಲಿಗೆ ಹೋಗುತ್ತದೋ ದೇವರಿಗೇ ಗೊತ್ತು.

"ಸುಮ್ನೆ ತಗಳವ್ವ," ಅಂದ ಕೊಟ್ರೇಶ್. "ಇದರಾಗೆ ಹೊಡೆದ್ರೆ ಬೀಳ್ತತಿ. ಹಟ ಬ್ಯಾಡ."

"ಬೀಳದಿದ್ರೆ ನನ್ನದ್ರಲ್ಲೇ ಬೀಳದಿರ್ಲಿ ಭಾವ," ಅಂದಳು ಸೌಂದರ್ಯ. "ನಿಮ್ಮ ದುರ್ಬೀನಲ್ಲಿ ಗೆದ್ದು ಜೀವನಪೂರ್ತಿ ನಿಮ್ಮ ಮಾತು ಕೇಳ್ಕೋತಾ ಕೂರಕ್ಕೆ ನನ್ನ ಕೈಲಿ ಆಗಲ್ಲ."

ಅವಳು ಕಣ್ಣಿಟ್ಟಳು. ಗುರಿಹಲಗೆ ತೆಳು ಹಾಲಿನಲ್ಲಿ ಅದ್ದಿದ ಹಾಗೆ ಮಸುಕಾಗಿತ್ತು. ಆದರೆ ಅದರ ಅಂಚು ಅಂಚೇ ಆಗಿತ್ತು, ದುರ್ಬೀನಿನೊಳಗಿನ ಅಡ್ಡ ಉದ್ದದ ಗುರಿಗೆರೆಗಳೂ ಕೂದಲೆಳೆಯ ಹಾಗೆ ಸ್ಪಷ್ಟವಾಗಿದ್ದವು. ಅಯ್ಯೋ, ಇಷ್ಟೇನಾ ಅನ್ನಿಸಿತು. ಉಸಿರು ಅರ್ಧ ಬಿಟ್ಟು ಹೊಡೆದಳು. ಅವಸರ ಮಾಡದೆ ಮತ್ತೆ ಹೊಡೆದಳು. ಐದೂ ಮುಗಿದ ಮೇಲೆ ಉಜ್ಜಪ್ಪನವರೇ ನಡೆದು ಹೋಗಿ ಹಾಳೆ ತಂದರು. ನಾಲ್ಕು ತೂತು ಒಂದರ ಪಕ್ಕ ಒಂದಿದ್ದವು. ಐದನೆಯದು ದೂರ ಸರಿದಿತ್ತು, ಆದರೂ ಗೆರೆಯ ಒಳಗೇ ಇತ್ತು. ಅವರು ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿದರು. ತಿರುಗಿಸಿದರೆ ತೂತು ಹೊರಗೆ ಹೋದೀತೇ? ಕೊನೆಗೆ ಪಾಸು ಅಂದರು.

ಕೊಟ್ರೇಶ್ ಪೈಪನ್ನು ಬಗಲಿಗೆ ಸೇರಿಸಿಕೊಂಡು ದೊಡ್ಡದಾಗಿ ನಕ್ಕ. "ನೋಡ್ರಿ ಉಜ್ಜಪ್ಪಾರೆ, ಅವ್ವ ಹಚ್ಚಿದ ವಿಭೂತಿ ಹೆಂಗೆ ಕೆಲಸ ಮಾಡ್ತು!"

ಉಜ್ಜಪ್ಪನವರು ಹೌದೌದು ಎಂದು ಕೈ ಮುಗಿದರು. ಸುತ್ತಲಿದ್ದವರೂ ತಲೆಯಾಡಿಸಿದರು. ಸೌಂದರ್ಯ ರೈಫಲ್ ಎತ್ತಿಕೊಂಡು ಚಾಪೆಯಿಂದ ಎದ್ದಳು. ಗೆದ್ದರೂ ಗೆಲುವು ತನ್ನದಲ್ಲ ಅನ್ನುತ್ತಾರಲ್ಲ!

ಅಷ್ಟರಲ್ಲಿ ಮಹಾದೇವಮ್ಮ ಮುಂದೆ ಬಂದರು. ದಿನ ಬೆಳಗಾದರೆ ಲಿಂಗಪೂಜೆಯಿಲ್ಲದೆ ನೀರು ಮುಟ್ಟದ ಹೆಂಗಸು. ಮಗನಿಗೆ ಎದುರು ನಿಂತರು.

"ವಿಭೂತಿ ಹಚ್ಚಿ ಕೆಡಿಸಿದೋಳು ನಾನು, ಕೊಟ್ರೇಶಿ. ಹೊಡೆದೋಳು ಅವ್ಳು. ನಡುವೆ ದೇವರನ್ನ ಯಾಕೆ ತರ್ತೀಯ?"

ಮಹಾದೇವಮ್ಮ ಬಗ್ಗಿ ಚಾಪೆ ಸುತ್ತಿ ಕಂಕುಳಿಗಿಟ್ಟುಕೊಂಡು, ಆ ದೂರದ ಅಂಕಣ ಯಾವ ಕಡೆಗೆ ಎಂದು ಸೊಸೆಯನ್ನು ಕೇಳಿದರು.